ಜಗಲಿಯಲ್ಲಿ ಕೂತವರಿಗೆ ಕೇಳಿಸದ ಮಾತು

ಶಿರಸಿ ಹತ್ತಿರದ ಸೋಂದಾ ಕಡೆಯ ಮನೆಗಳಲ್ಲಿ ಈಗ ಪದೇಪದೇ ಕೇಳೋ ಮಾತು ಇದು: ಅಡಿಕೆ ತೋಟ ನೋಡ್ಕೊಂಡು ಊರಲ್ಲೇ ಇರೋ ಹುಡುಗನಿಗೆ ಹೆಣ್ಣು ಸಿಗ್ತಿಲ್ಲ. ಯಾಕೆ ಸಿಗ್ತಿಲ್ಲ? ಸಮಾಜಶಾಸ್ತ್ರದವರು ಇದನ್ನ ಹೇಗೆ ಹುಡುಕ್ತಾರೆ ಅಂತ ಇವತ್ತು ನೋಡೋಣ.

ಮೊದಲು ಹೊಳೆಯೋದು ಸಮೀಕ್ಷೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಮನೆಗಳನ್ನ ಸರಿಯಾಗಿ ಆಯ್ದು, ಪ್ರಶ್ನಾವಳಿ ಹಿಡ್ಕೊಂಡು ಹೋದ್ರೆ ಲೆಕ್ಕ ಸಿಗುತ್ತೆ: ಮೂವತ್ತೈದು ದಾಟಿದ ಎಷ್ಟು ಗಂಡಸರಿಗೆ ಮದುವೆಯಾಗಿಲ್ಲ, ತೋಟ ಎಷ್ಟು, ಓದು ಎಷ್ಟು. ಊರವರ ಮಾತು ನಿಜವೋ, ಬರೀ ಬಾಯಿಮಾತೋ ಅಂತ ತಿಳಿಯೋಕೆ ಈ ಲೆಕ್ಕ ಬೇಕೇ ಬೇಕು. ಆದ್ರೆ ಬಂದವರನ್ನ ಕೂರಿಸೋದು ಜಗಲಿಯಲ್ಲಿ. ಕುಡಿಯೋಕೆ ಆಸರಿಗೆ ಬರುತ್ತೆ, ಎಲೆ-ಅಡಿಕೆಯ ಕವಳದ ತಟ್ಟೆ ಬರುತ್ತೆ, ಉತ್ತರ ಹೇಳೋಕೆ ಯಜಮಾನರು ಬರ್ತಾರೆ. "ಈಗಿನ ಹೆಣ್ಮಕ್ಕಳಿಗೆ ಬೆಂಗಳೂರೇ ಆಗ್ಬೇಕು" ಅಂತಾರೆ. ಬರ್ಕೊಂಡು ಎದ್ದು ಬರ್ತೀವಿ. ಬೆಂಗಳೂರಿಗೆ ಹೋದ ಆ ಹೆಣ್ಮಕ್ಕಳು ಮನೆಯಲ್ಲೂ ಇಲ್ಲ, ನಮ್ಮ ಸ್ಯಾಂಪಲ್‌ನಲ್ಲೂ ಇಲ್ಲ!

ಇನ್ನೊಂದು ದಾರಿ, ಊರಲ್ಲೇ ಇದ್ದು ನೋಡೋದು. ಮಲೆನಾಡಿನ ಅಡಿಕೆ ಬೆಳೆಯೋ ಹವ್ಯಕ ಬ್ರಾಹ್ಮಣರ ನಡುವೆಯೇ ಇದಕ್ಕೆ ಉದಾಹರಣೆ ಇದೆ. ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾರ್ಪರ್ 1950ರ ದಶಕದಲ್ಲಿ 'ತೋಟಗದ್ದೆ' ಅನ್ನೋ ಗುಪ್ತನಾಮದ ಹಳ್ಳಿಯಲ್ಲಿದ್ದು, ಅಲ್ಲಿನ ಮಡಿ-ಮೈಲಿಗೆ, ಕೊಡುಕೊಳ್ಳುವಿಕೆ ಬಗ್ಗೆ ಬರೆದ್ರು. 1960ರ ದಶಕದಲ್ಲಿ ಅಲ್ಲಿಗೆ ಬಂದ ಸಂಶೋಧಕಿ ಹೆಲೆನ್ ಉಲ್ರಿಚ್ ದಶಕಗಳ ಕಾಲ ಮತ್ತೆ ಮತ್ತೆ ಬರ್ತಾನೇ ಇದ್ರು. ಅಲ್ಲಿನ ಹೆಂಗಸರ ಕುರಿತ ಅವರ ಪುಸ್ತಕ ಬಂದಿದ್ದು 2017ರಲ್ಲಿ. ಅಷ್ಟು ತಾಳ್ಮೆಗೆ ಯಾವ ಅನುದಾನ ಸಾಲುತ್ತೆ ಹೇಳಿ!

ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯೋರ ಜೊತೆ ಕೂತು ನೋಡಿ. ಮೆಟ್ಟುಗತ್ತಿ ಮೇಲೆ ಕೈ ತನ್ನ ಪಾಡಿಗೆ ಓಡ್ತಿರುತ್ತೆ, ಮಾತು ಇನ್ನೆಲ್ಲೋ ಹೋಗಿರುತ್ತೆ. ಯಾವ ಸೊಸೆ ತವರಿಂದ ತಿರುಗಿ ಬಂದಿಲ್ಲ, ಎಷ್ಟು ಮನೆಯಲ್ಲಿ ಹೆಂಗಸರ ಹೆಸರಲ್ಲಿ ಒಂದು ಗುಂಟೆ ತೋಟವೂ ಇಲ್ಲ, ಎಲ್ಲಾ ಬರುತ್ತೆ. ಪ್ರಶ್ನಾವಳಿಯಲ್ಲಿ ಇದನ್ನ ಕೇಳಿರಲ್ಲ, ಕೇಳಬೇಕು ಅಂತಲೇ ನಮಗೆ ಹೊಳೆದಿರಲ್ಲ.

ಹಾಗಂತ ಒಂದೂರಲ್ಲಿ ಕೇಳಿದ್ದನ್ನ ಮೂರು ತಾಲೂಕಿಗೆ ಅನ್ವಯಿಸೋಕಾಗಲ್ಲ. ಅಧ್ಯಯನಕ್ಕೆ ಹೋದವರು ಯಾರು ಅನ್ನೋದೂ ಮುಖ್ಯ. ಮೈಸೂರು ಸೀಮೆಯ 'ರಾಂಪುರ' ಅನ್ನೋ ಗುಪ್ತನಾಮದ ಹಳ್ಳಿಯಲ್ಲಿ 1948ರಲ್ಲಿ ಉಳಿದುಕೊಂಡಿದ್ದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್, ತಾನು ಕಂಡಿದ್ದು ಮೇಲ್ಜಾತಿಯವನ ಕಣ್ಣಿಗೆ ಬಿದ್ದ ಹಳ್ಳಿ ಅಂತ ಆಮೇಲೆ ಒಪ್ಕೊಂಡ್ರು. ಇನ್ನು ಗುಪ್ತನಾಮ ಹೊರಗಿನವರಿಗೆ ಮಾತ್ರ. ಪುಸ್ತಕ ಓದಿದ ಊರವರಿಗೆ ಅದು ಯಾರ ಮನೆ ಕತೆ ಅಂತ ಗೊತ್ತಾಗದೇ ಇರುತ್ತಾ?

ಸಮೀಕ್ಷೆ, ಊರಲ್ಲಿದ್ದು ನೋಡೋದು, ಎರಡನ್ನೂ ಬೆಸೆದವರೂ ಇದ್ದಾರೆ. ಜನಸಂಖ್ಯಾ ಅಧ್ಯಯನದ ಜಾನ್ ಕಾಲ್ಡ್‌ವೆಲ್, ಪಿ.ಎಚ್. ರೆಡ್ಡಿ ಮತ್ತು ಪ್ಯಾಟ್ ಕಾಲ್ಡ್‌ವೆಲ್, ಕರ್ನಾಟಕದ ಹಳ್ಳಿಗಳಲ್ಲಿ ಮದುವೆಯ ರೀತಿ ಯಾಕೆ ಬದಲಾಗ್ತಿದೆ ಅಂತ ತಿಳಿಯೋಕೆ ಎಣಿಕೆಯ ಜೊತೆಗೇ ಜನರೊಟ್ಟಿಗೆ ಕೂತು ಮಾತಾಡಿದ್ರು. ಸೋಂದಾಕ್ಕೂ ನನ್ನ ವೋಟು ಇದಕ್ಕೇ. ಒಂದು ಕೊಯ್ಲು ಪೂರ್ತಿ ಅಡಿಕೆ ರಾಶಿ ಪಕ್ಕ ಕೂತು, ಆಮೇಲೆ ಪ್ರಶ್ನಾವಳಿ ಬರೀಬೇಕು. ಬೆಂಗಳೂರಲ್ಲಿರೋ ಹೆಣ್ಮಕ್ಕಳ ಫೋನ್ ನಂಬರನ್ನ ಯಜಮಾನರ ಹತ್ರ ಅಲ್ಲ, ಅಮ್ಮಂದಿರ ಹತ್ರ ಇಸ್ಕೋಬೇಕು.