ದೂರವಾಣಿ ತಂತಿಯ ಮೇಲೆ ಇಸ್ಪೀಟು

ಇಸ್ಪೀಟು ಎಂದೊಡನೆ ನಿಮಗೆ ಏನು ನೆನಪಾಗುತ್ತದೆ? ಹೊಸತೊಡಕಿನ ಊಟ ಮುಗಿಸಿ ಅರಳಿಕಟ್ಟೆಯ ಮೇಲೆ ಗುಂಪುಗೂಡಿದ ಊರಿನವರೇ? ಮದುವೆಯ ಹಿಂದಿನ ರಾತ್ರಿ ಛತ್ರದ ಜಮಖಾನದ ಮೇಲೆ ರಮ್ಮಿ ಆಡುತ್ತಿದ್ದ ಚಿಕ್ಕಪ್ಪ, ದೊಡ್ಡಪ್ಪಂದಿರೇ? ಅಥವಾ ‘ಅಂದರ್ ಬಾಹರ್ ಆಡುತ್ತಿದ್ದವರ ಬಂಧನ’ ಎಂಬ ಪತ್ರಿಕೆಯ ಒಳಪುಟದ ಸುದ್ದಿಯೇ? ನನಗೆ ನೆನಪಾಗುವುದು ಒಂದು ಸದ್ದು. ಕೀರಲು ದನಿಯಲ್ಲಿ ಕೂಗಿ, ಗರಗರ ಎಂದು, ಆಮೇಲೆ ಒಮ್ಮೆಲೇ ಸುಮ್ಮನಾಗುತ್ತಿದ್ದ ಮೋಡೆಮ್‌ನ ಸದ್ದು.

ಅದು 1996. ನಮ್ಮ ಮನೆ ರಾಜಾಜಿನಗರದಲ್ಲಿತ್ತು. ನಾನು ಆಗ ಪಿಯುಸಿ ವಿಜ್ಞಾನದ ವಿದ್ಯಾರ್ಥಿ. ವಿದೇಶ ಸಂಚಾರ ನಿಗಮವು 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಅಂತರಜಾಲ ಸೇವೆ ಆರಂಭಿಸಿತ್ತಾದರೂ, ಅದರ ಶುಲ್ಕ ನಮ್ಮಂಥ ಮನೆಗಳ ಕೈಗೆ ಎಟುಕುವಂತಿರಲಿಲ್ಲ. ಆದರೆ ಬಸವೇಶ್ವರನಗರದಲ್ಲಿ ಹವ್ಯಾಸಿಯೊಬ್ಬರು ತಮ್ಮ ಮನೆಯ ಗಣಕಯಂತ್ರವನ್ನು ದೂರವಾಣಿ ತಂತಿಗೆ ಜೋಡಿಸಿ ರಾತ್ರಿ ಹತ್ತರ ಮೇಲೆ ತೆರೆದಿಡುತ್ತಿದ್ದರು. ಇದಕ್ಕೆ ಬುಲೆಟಿನ್ ಬೋರ್ಡ್ ಎಂದು ಹೆಸರು.

ಈ ಬುಲೆಟಿನ್ ಬೋರ್ಡ್ ಎಂದರೇನು? ಕಾಲೇಜಿನ ಸೂಚನಾ ಫಲಕವನ್ನು ನೆನಪಿಸಿಕೊಳ್ಳಿ. ಒಬ್ಬರು ಚೀಟಿ ಅಂಟಿಸುತ್ತಾರೆ, ಮತ್ತೊಬ್ಬರು ಬಂದು ಓದುತ್ತಾರೆ. ಅದನ್ನೇ ಗಣಕಯಂತ್ರದೊಳಗೆ ತಂದವರು ಅಮೆರಿಕದ ಷಿಕಾಗೋ ನಗರದ ವಾರ್ಡ್ ಕ್ರಿಸ್ಟೆನ್‌ಸನ್ ಮತ್ತು ರ‍್ಯಾಂಡಿ ಸೂಸ್. ಆ ವರ್ಷದ ಭಾರೀ ಹಿಮಪಾತದಲ್ಲಿ ಮನೆಯಿಂದ ಹೊರಬರಲಾಗದೆ ಕುಳಿತಾಗ ಅವರು ಈ ಕೆಲಸಕ್ಕೆ ಕೈಹಾಕಿದರು. 1978ರ ಫೆಬ್ರವರಿ 16ರಂದು ಅವರ ಫಲಕ ಕರೆಗಳಿಗೆ ತೆರೆದುಕೊಂಡಿತು. ಒಂದೇ ದೂರವಾಣಿ ತಂತಿ, ಒಂದು ಸಲಕ್ಕೆ ಒಬ್ಬನೇ ಅತಿಥಿ. ಬಸವೇಶ್ವರನಗರದ ಫಲಕವೂ ಹಾಗೆಯೇ. ಒಬ್ಬ ಒಳಗಿದ್ದರೆ ಉಳಿದವರಿಗೆಲ್ಲ ಎಂಗೇಜ್ ಸದ್ದು.

ಆ ಫಲಕದಲ್ಲಿ ಸಂದೇಶಗಳ ಜೊತೆಗೆ ಕೆಲವು ಆಟಗಳೂ ಇದ್ದವು. ಅವುಗಳಲ್ಲಿ ಒಂದು ಬ್ಯಾಕರಾ. ಚಿತ್ರವಿಲ್ಲ, ಸಂಗೀತವಿಲ್ಲ, ಅಕ್ಷರ ಮತ್ತು ಗೆರೆಗಳಿಂದಲೇ ಮೂಡಿದ ಎಲೆಗಳು ಕಪ್ಪು ಪರದೆಯ ಮೇಲೆ ಸಾಲುಸಾಲಾಗಿ ಇಳಿಯುತ್ತಿದ್ದವು. ಆಡಲು ಕೊಡುತ್ತಿದ್ದ ಹಣ ಬರಿಯ ಅಂಕಿ. ನಾನು ಒಂದು ತಿಂಗಳಲ್ಲಿ ಅಂಥ ಒಂದು ಲಕ್ಷ ‘ಡಾಲರ್’ ಗೆದ್ದೆ. ಬೀದಿಯಲ್ಲಿ ತಲೆಯೆತ್ತಿ ನಡೆದೆ.

ಬನ್ನಿ, ಆ ಆಟವನ್ನು ಸ್ವಲ್ಪ ಬಿಚ್ಚಿ ನೋಡೋಣ. ಮೇಜಿನ ಮೇಲೆ ಎರಡು ಪಕ್ಷ: ಒಂದರ ಹೆಸರು ‘ಆಟಗಾರ’, ಇನ್ನೊಂದರ ಹೆಸರು ‘ಬ್ಯಾಂಕರ್’. ಇವು ಹೆಸರಿಗೆ ಮಾತ್ರ. ನೀವು ಹೊರಗೆ ನಿಂತು ಇವೆರಡರಲ್ಲಿ ಒಂದರ ಮೇಲೆ, ಇಲ್ಲವೇ ‘ಸಮ’ದ ಮೇಲೆ ಪಣ ಕಟ್ಟುತ್ತೀರಿ. ಪ್ರತಿ ಪಕ್ಷಕ್ಕೂ ಎರಡೆರಡು ಎಲೆ. ಎಕ್ಕಕ್ಕೆ ಒಂದು, ಹತ್ತು, ಗುಲಾಮ, ರಾಣಿ, ರಾಜ ಇವೆಲ್ಲಕ್ಕೂ ಸೊನ್ನೆ. ಕೂಡಿದಾಗ ಬಂದ ಮೊತ್ತದಲ್ಲಿ ಬಿಡಿ ಸ್ಥಾನದ ಅಂಕಿ ಮಾತ್ರ ಲೆಕ್ಕಕ್ಕೆ. ಏಳು ಮತ್ತು ಎಂಟು ಸೇರಿದರೆ ಹದಿನೈದಲ್ಲ, ಐದು. ಒಂಬತ್ತಕ್ಕೆ ಹತ್ತಿರವಿರುವವರು ಗೆದ್ದಂತೆ. ಮೂರನೆಯ ಎಲೆ ಯಾವಾಗ ಎಳೆಯಬೇಕು ಎಂಬುದೂ ನಿಯಮದಲ್ಲೇ ಬರೆದಿದೆ. ಅಂದರೆ ಪಣ ಕಟ್ಟಿದ ಮೇಲೆ ನೀವು ಮಾಡಬಹುದಾದದ್ದು ಏನೂ ಇಲ್ಲ. ರಮ್ಮಿಯಲ್ಲಿರುವ ಜ್ಞಾಪಕಶಕ್ತಿಗೆ, ಇಪ್ಪತ್ತೆಂಟರಲ್ಲಿರುವ ಜಾಣತನಕ್ಕೆ ಇಲ್ಲಿ ಕೆಲಸವಿಲ್ಲ.

ನಮ್ಮ ಅಂದರ್ ಬಾಹರ್ ಇದರ ಹತ್ತಿರದ ನೆಂಟ. ಒಂದು ಎಲೆ ತೆರೆದಿಟ್ಟು, ಅದೇ ಅಂಕಿಯ ಇನ್ನೊಂದು ಎಲೆ ಒಳಗೆ ಬೀಳುತ್ತದೋ ಹೊರಗೆ ಬೀಳುತ್ತದೋ ಎಂದು ಕಾಯುವುದು. ಮೊದಲ ಎಲೆ ಯಾವ ಕಡೆಗೆ ಬೀಳುತ್ತದೋ ಆ ಕಡೆಗೆ ನೂರರಲ್ಲಿ ಸುಮಾರು 51.5ರಷ್ಟು ಗೆಲುವು. ಅಲ್ಲೂ ನಮ್ಮ ಪಾಲಿನ ಕೆಲಸ ಕಾಯುವುದೊಂದೇ.

ಇನ್ನು ಬ್ಯಾಕರಾದ ಲೆಕ್ಕ. ಎಂಟು ಕಟ್ಟು ಎಲೆಗಳಿಂದ ಆಡಿದರೆ ನೂರು ಆಟಗಳಲ್ಲಿ ಸರಾಸರಿ 45.86 ಬ್ಯಾಂಕರ್‌ಗೆ, 44.62 ಆಟಗಾರನಿಗೆ, 9.52 ಸಮ. ಬ್ಯಾಂಕರ್ ಪಕ್ಷ ಕೊನೆಯಲ್ಲಿ ಎಲೆ ಎಳೆಯುವುದರಿಂದ ಅದಕ್ಕೆ ಚೂರು ಹೆಚ್ಚಿನ ಬಲ. ಅದಕ್ಕಾಗಿಯೇ ಆ ಗೆಲುವಿನಲ್ಲಿ ಶೇಕಡ 5ರಷ್ಟನ್ನು ಆಟದ ಮನೆಯವರು ಹಿಡಿದುಕೊಳ್ಳುತ್ತಾರೆ. ಎಲ್ಲ ಕಳೆದು ನೋಡಿದರೆ, ನೂರು ರೂಪಾಯಿ ಪಣಕ್ಕೆ ಬ್ಯಾಂಕರ್ ಮೇಲೆ ಸರಾಸರಿ 1 ರೂಪಾಯಿ 6 ಪೈಸೆ, ಆಟಗಾರನ ಮೇಲೆ 1 ರೂಪಾಯಿ 24 ಪೈಸೆ ನಷ್ಟ. ಒಂದಕ್ಕೆ ಎಂಟು ಕೊಡುವ ‘ಸಮ’ದ ಮೇಲಾದರೆ 14 ರೂಪಾಯಿ 36 ಪೈಸೆ.

‘ಒಂದೂಕಾಲು ರೂಪಾಯಿ ತಾನೇ?’ ಎಂದು ನೀವು ಕೇಳಬಹುದು. ಪ್ರಶ್ನೆ ಇರುವುದು ಅಲ್ಲೇ. ಆ ಒಂದೂಕಾಲು ರೂಪಾಯಿ ಗಂಟೆಗೆ ಎಷ್ಟು ಸಲ ಹೋಗುತ್ತದೆ?

ನಮ್ಮ ಕಾಲದಲ್ಲಿ ಹತ್ತು ಸಲ ಡಯಲ್ ಮಾಡಿದರೆ ಒಮ್ಮೆ ಸಂಪರ್ಕ. ಒಳಗೆ ಹೋದ ಮೇಲೆ ಒಂದೊಂದು ಆಟಕ್ಕೂ ಅರ್ಧ ನಿಮಿಷ. ಫಲಕದವರು ಪ್ರತಿಯೊಬ್ಬರಿಗೂ ದಿನಕ್ಕೆ ಇಪ್ಪತ್ತೇ ನಿಮಿಷ ಎಂದು ಗೊತ್ತುಮಾಡಿದ್ದರು. ನಡುವೆ ಅಮ್ಮ ಫೋನ್ ಎತ್ತಿದರೆ ತಂತಿ ಕಡಿದುಹೋಗುತ್ತಿತ್ತು. ಇಷ್ಟಾಗಿಯೂ ಎರಡು ತಿಂಗಳ ಬಿಲ್ಲು ಬಂದ ದಿನ ಮನೆಯಲ್ಲಿ ಮೌನ ಕವಿಯಿತು. ಪರದೆಯ ಮೇಲಿನ ಲಕ್ಷ ಡಾಲರ್ ಸುಳ್ಳು, ಬಿಲ್ಲಿನ ರೂಪಾಯಿ ನಿಜ. ಕಾರ್ಖಾನೆಯ ಕೆಲಸದಲ್ಲಿದ್ದ ನಮ್ಮಪ್ಪ ಬಯ್ಯಲಿಲ್ಲ. ಫೋನಿನ ಪಕ್ಕ ಒಂದು ನೋಟ್ ಪುಸ್ತಕ ಇಟ್ಟು, ‘ಯಾವಾಗ ಶುರು, ಯಾವಾಗ ಮುಗೀತು, ಬರೆದಿಡು. ನಿನ್ನ ಕೈಲೇ ಬರಿ’ ಎಂದರು. ಹದಿನೈದು ದಿನ ಬರೆದೆ. ಆಮೇಲೆ ಬರೆಯುವುದಕ್ಕೇ ನಾಚಿಕೆಯಾಗಿ ಆಡುವುದನ್ನು ಬಿಟ್ಟೆ.

ಇದನ್ನೆಲ್ಲ ಮರೆತಿದ್ದೆ. 2023ರ ಒಂದು ರಾತ್ರಿ ವಿಜಯನಗರದಿಂದ ಅಕ್ಕ ಫೋನ್ ಮಾಡಿ ಅಳತೊಡಗಿದಳು. ಅವಳ ಮಗನಿಗೆ ಇಪ್ಪತ್ಮೂರು ವರ್ಷ, ಕೆಂಗೇರಿಯ ಕಡೆ ಕೆಲಸ. ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ ಮೊಬೈಲಿನಲ್ಲಿ ಬ್ಯಾಕರಾ ಆಡಿ ಎರಡು ಲಕ್ಷಕ್ಕೂ ಮೇಲೆ ಕಳೆದಿದ್ದ. ಅದರಲ್ಲಿ ಅರ್ಧ ಸಾಲ. ಮೂರು ದಿನದಿಂದ ಊಟ ಬಿಟ್ಟಿದ್ದ.

ಮರುದಿನ ಹೋಗಿ ಕುಳಿತೆ. ‘ಮಾಮ, ನಾನು ಸುಮ್ಮಸುಮ್ಮನೆ ಕಟ್ಟಲ್ಲ. ಬೋರ್ಡ್ ನೋಡ್ತೀನಿ. ಐದು ಸಲ ಬ್ಯಾಂಕರ್ ಬಂದ್ರೆ ಆರನೇದು ಆಟಗಾರನಿಗೆ ಬರಲೇಬೇಕಲ್ವಾ?’ ಎಂದ. ಹಿಂದಿನ ಫಲಿತಾಂಶಗಳನ್ನು ಕೆಂಪು, ನೀಲಿ ಚುಕ್ಕೆಗಳಲ್ಲಿ ತೋರಿಸುವ ಪಟ್ಟಿಯೊಂದು ಆ ಆಟದಲ್ಲಿರುತ್ತದೆ. ನಾನು ವಾದ ಮಾಡಲಿಲ್ಲ. ಒಂದು ನಾಣ್ಯ ಕೊಟ್ಟು, ‘ನೂರು ಸಲ ಚಿಮ್ಮು ಕಣೋ, ಬರೆದುಕೋ’ ಎಂದೆ. ಅಕ್ಕ ಕಾಫಿ ತರುವಷ್ಟರಲ್ಲಿ ಅವನ ಪಟ್ಟಿಯಲ್ಲಿ ಸತತ ಆರು ಸಲ ಒಂದೇ ಮುಖ ಬಿದ್ದಿತ್ತು. ನೂರು ಸಲ ಚಿಮ್ಮಿದಾಗ ಎಲ್ಲಾದರೂ ಒಂದು ಕಡೆ ಸತತ ಐದು ಸಲ ಒಂದೇ ಮುಖ ಬೀಳುವುದು ಹೆಚ್ಚುಕಡಿಮೆ ಖಚಿತ. ಹಿಂದೆ ಏನು ಬಿತ್ತೆಂದು ನಾಣ್ಯಕ್ಕೆ ನೆನಪಿಲ್ಲ. ಆ ಚುಕ್ಕೆಗಳ ಪಟ್ಟಿ ಮುಂದಾಗುವುದನ್ನು ಹೇಳುವುದಿಲ್ಲ, ನಮ್ಮನ್ನು ಕೂರಿಸಿಕೊಳ್ಳುತ್ತದೆ, ಅಷ್ಟೇ.

ಆಮೇಲೆ ವೇಗದ ಲೆಕ್ಕ ಹಾಕಿದೆವು. ಹತ್ತು ಸೆಕೆಂಡಿಗೆ ಒಂದು ಆಟ, ಗಂಟೆಗೆ 360. ಹತ್ತು ರೂಪಾಯಿಯಂತೆ ಕಟ್ಟಿದರೂ ಗಂಟೆಗೆ 3,600 ರೂಪಾಯಿ ಪಣ. ಆಟಗಾರನ ಮೇಲೆ ಕಟ್ಟಿದರೆ ಸರಾಸರಿ 44 ರೂಪಾಯಿ ನಷ್ಟ, ‘ಸಮ’ದ ಆಸೆಗೆ ಬಿದ್ದರೆ 517. ನೂರರಂತೆ ಕಟ್ಟುವವನಿಗೆ ಇದರ ಹತ್ತು ಪಟ್ಟು. ನಾನು ಆಡಿದ ಆಟವೂ ಅವನು ಆಡಿದ ಆಟವೂ ಒಂದೇ. ನಮ್ಮ ನಡುವೆ ಇದ್ದ ವ್ಯತ್ಯಾಸ ಎರಡು: ನನ್ನದು ಸುಳ್ಳು ಹಣ, ಮತ್ತು ನನಗೆ ಅಡ್ಡಿಗಳಿದ್ದವು. ಎಂಗೇಜ್ ಸದ್ದು, ಇಪ್ಪತ್ತು ನಿಮಿಷದ ಮಿತಿ, ಫೋನೆತ್ತುವ ಅಮ್ಮ, ಮನೆಗೆ ಬರುವ ಬಿಲ್ಲು. ಅವನ್ನೆಲ್ಲ ಶಾಪವೆಂದು ಬೈದುಕೊಂಡಿದ್ದೆ. ನನ್ನನ್ನು ಕಾದದ್ದು ಅವೇ.

ಕಾನೂನು ಏನು ಹೇಳುತ್ತದೆ? 1963ರ ಕರ್ನಾಟಕ ಪೊಲೀಸ್ ಕಾಯ್ದೆ ಜೂಜನ್ನು ಅಪರಾಧವೆಂದು ಹೇಳಿ, ಕೌಶಲದ ಆಟಗಳಿಗೆ ವಿನಾಯಿತಿ ಕೊಟ್ಟಿತು. ರಮ್ಮಿಯಲ್ಲಿ ಮುಖ್ಯವಾಗಿ ಕೌಶಲವಿದೆ ಎಂದು ಸುಪ್ರೀಂ ಕೋರ್ಟ್ 1967ರಲ್ಲಿ ಹೇಳಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ರಾಜ್ಯ ತಂದ ತಿದ್ದುಪಡಿ 2021ರ ಅಕ್ಟೋಬರ್ 5ರಂದು ಜಾರಿಗೆ ಬಂತು. ಕೌಶಲದ ಆಟಗಳನ್ನೂ ಸೇರಿಸಿಕೊಂಡಿದ್ದ ಅದರ ವಿಧಿಗಳನ್ನು 2022ರ ಫೆಬ್ರವರಿ 14ರಂದು ಹೈಕೋರ್ಟ್ ರದ್ದುಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕೇಂದ್ರದ ಕಾಯ್ದೆ ಕೌಶಲವೋ ಅದೃಷ್ಟವೋ ಎಂದು ನೋಡದೆ ಹಣದ ಆನ್‌ಲೈನ್ ಆಟಗಳನ್ನೇ ನಿಷೇಧಿಸಿತು. ಆಡಿಸುವವರಿಗೆ ಮೂರು ವರ್ಷದವರೆಗೆ ಸೆರೆವಾಸ, ಒಂದು ಕೋಟಿ ರೂಪಾಯಿವರೆಗೆ ದಂಡ. ಆಡಿದವನನ್ನು ಅದು ಶಿಕ್ಷಿಸುವುದಿಲ್ಲ. ಇದೂ ನ್ಯಾಯಾಲಯದ ಮೆಟ್ಟಿಲೇರಿತು. ಬ್ಯಾಕರಾದಂಥ ಬರಿಯ ಅದೃಷ್ಟದ ಆಟಕ್ಕೆ ಯಾವ ಕಾಲದಲ್ಲೂ ಕೌಶಲದ ರಕ್ಷಣೆ ಇರಲಿಲ್ಲ ಎಂಬುದನ್ನು ನೆನಪಿಡಿ. ಆದರೂ ಅದು ಹೊರದೇಶದ ತಾಣಗಳಿಂದ ಹೊಸ ಹೊಸ ಹೆಸರಿನಲ್ಲಿ ಮೊಬೈಲಿಗೆ ಬರುತ್ತದೆ.

ಆದ್ದರಿಂದ ಕಾನೂನಿನ ಜೊತೆಗೆ ಮನೆಯಲ್ಲೂ ಒಂದಿಷ್ಟು ಅಡ್ಡಿಗಳನ್ನು ನಾವೇ ಕಟ್ಟಿಕೊಳ್ಳಬೇಕು. ಅಕ್ಕನ ಮಗ ಸಂಬಳದ ಖಾತೆಯನ್ನು ಮೊಬೈಲಿನ ಹಣ ಪಾವತಿಯಿಂದ ಬೇರ್ಪಡಿಸಿದ. ವಾರದ ಖರ್ಚಿಗಷ್ಟೇ ಬೇರೊಂದು ಖಾತೆ. ನಿಮ್ಹಾನ್ಸ್ ಸಂಸ್ಥೆ 2014ರಲ್ಲಿ ಆರಂಭಿಸಿದ, ಮೊಬೈಲ್ ಮತ್ತು ಅಂತರಜಾಲದ ಅತಿಬಳಕೆಯಿಂದ ಬಳಲುವವರ ಚಿಕಿತ್ಸಾಲಯಕ್ಕೆ ಹೋಗಿಬಂದ. ಮಾತಾಡಲು ಯಾರೂ ಇಲ್ಲವೆನಿಸಿದವರಿಗೆ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಣದ ವಂಚನೆಯಾಗಿದ್ದರೆ 1930.

ನಿಮ್ಮ ಮನೆಯಲ್ಲೂ ಇಂಥ ಒಬ್ಬ ಹುಡುಗನೋ ಹುಡುಗಿಯೋ ಇದ್ದರೆ ದಯವಿಟ್ಟು ಮೊದಲು ಬಯ್ಯಬೇಡಿ. ಬಯ್ದರೆ ಸಾಲ ಬಚ್ಚಿಡುತ್ತಾರೆ. ಬಚ್ಚಿಟ್ಟ ಸಾಲ ತೀರಿಸಲು ಮತ್ತೆ ಆಡುತ್ತಾರೆ. ಪಕ್ಕದಲ್ಲಿ ಕುಳಿತು ಲೆಕ್ಕ ಕೇಳಿ, ಅವರ ಕೈಯಲ್ಲೇ ಬರೆಸಿ.

ವಿಜಯನಗರದ ಆ ಮನೆಯಲ್ಲಿ ದೂರದರ್ಶನದ ಪೆಟ್ಟಿಗೆಯ ಪಕ್ಕ ಒಂದು ನೋಟ್ ಪುಸ್ತಕವಿದೆ. ತೀರಿಸಿದ ಸಾಲದ ಕಂತುಗಳನ್ನು ಅದರಲ್ಲಿ ಅವನೇ ಬರೆಯುತ್ತಾನೆ. ಹೋದ ಸಲ ಹೋದಾಗ, ‘ಇನ್ನು ಹನ್ನೊಂದು ಸಾವಿರ ಮಾಮ’ ಎಂದು ಪುಟ ತೆರೆದು ತೋರಿಸಿದ.