ಮೂತ್ರಕೋಶದ ಅರ್ಬುದ

ಕುಂತೂರಿನ ಕಡೆಯ ಕಬ್ಬಿನ ಗದ್ದೆಗಳಲ್ಲಿ ಬಿಸಿಲಿಗೆ ಮೈಯೊಡ್ಡಿ ದುಡಿದವನಿಗೆ ಮೂತ್ರ ಕೆಂಪಾಯಿತೆಂದರೆ ನಾವು ಹೇಳುವುದು ಒಂದೇ ಮಾತು: ‘ಉಷ್ಣ’. ಎಳನೀರು ಮಜ್ಜಿಗೆಗಳನ್ನು ಕುಡಿದ ಎರಡು ದಿನಕ್ಕೆ ಬಣ್ಣ ತಿಳಿಯಾದರೆ ನಮ್ಮ ವೈದ್ಯ ಫಲಿಸಿತೆಂದು ಹಿಗ್ಗುತ್ತೇವೆ. ಅಪಾಯವಿರುವುದು ಇಲ್ಲಿಯೇ. ಮೂತ್ರಕೋಶದಲ್ಲಿ ಅರ್ಬುದ, ಎಂದರೆ ಕ್ಯಾನ್ಸರು, ಮೊಳೆತಾಗಲೂ ರಕ್ತವು ನೋವಿಲ್ಲದೆ ಕಾಣಿಸಿಕೊಂಡು, ತಾನಾಗಿಯೇ ನಿಂತು, ತಿಂಗಳುಗಳ ತರುವಾಯ ಮರಳುವುದುಂಟು. ನೋವಿಲ್ಲವೆಂಬುದು ಸಮಾಧಾನಕ್ಕೆ ಕಾರಣವಲ್ಲ.

ಬಣ್ಣದ ಕಾರ್ಖಾನೆಯ ಕೆಲಸಗಾರರಲ್ಲಿ ಈ ರೋಗವನ್ನು ಜರ್ಮನಿಯ ಶಸ್ತ್ರವೈದ್ಯ ಲುಡ್ವಿಗ್ ರೇನ್ 1895ರಲ್ಲಿಯೇ ಗುರುತಿಸಿದನು. ಇಂದು ಇದರ ಮುಖ್ಯ ಕಾರಣ ಬೀಡಿ ಸಿಗರೇಟುಗಳ ಹೊಗೆ. ಪುಪ್ಪುಸಕ್ಕೆ ಹೋದ ಹೊಗೆಗೂ ಮೂತ್ರಕೋಶಕ್ಕೂ ಏನು ನಂಟೆಂದು ಕೇಳಬಹುದು. ಹೊಗೆಯ ವಿಷವು ರಕ್ತದಲ್ಲಿ ಬೆರೆತು, ಮೂತ್ರಪಿಂಡಗಳಲ್ಲಿ ಸೋಸಲ್ಪಟ್ಟು, ಮೂತ್ರಕೋಶದ ಒಳಪೊರೆಗೆ ತಾಗಿಕೊಂಡು ಗಂಟೆಗಟ್ಟಲೆ ನಿಂತಿರುತ್ತದೆ.

ರೋಗವು ಒಳಪೊರೆಯಲ್ಲಿಯೇ ಇದ್ದು ಮಾಂಸದ ಪದರಕ್ಕೆ ಇಳಿಯದಿದ್ದರೆ, ದೀಪವುಳ್ಳ ನಳಿಕೆಯನ್ನು ಮೂತ್ರನಾಳದ ಮೂಲಕ ಒಳಗಿಳಿಸಿ, ಹೊಟ್ಟೆ ಕೊಯ್ಯದೆಯೇ ಗೆಡ್ಡೆಯನ್ನು ಕೆರೆದು ತೆಗೆಯಬಹುದು. ಆದರೆ ಕಳೆ ಕಿತ್ತ ಹೊಲದಂತೆ ಅದು ಮತ್ತೆ ಚಿಗುರುವ ಸ್ವಭಾವದ್ದು. ಅದನ್ನು ತಡೆಯಲು ದೊರೆತ ಸಾಧನ ನಮಗೆ ಹೊಸತೇನೂ ಅಲ್ಲ: ಕ್ಷಯರೋಗದ ಬಿ.ಸಿ.ಜಿ. ಲಸಿಕೆ! ಮದರಾಸಿನ ಗಿಂಡಿಯಲ್ಲಿ ಅದರ ತಯಾರಿಕೆಗೆ ಪ್ರಯೋಗಶಾಲೆ ಏರ್ಪಟ್ಟದ್ದು 1948ರಲ್ಲಿ. ಆಗ ಕೊಳ್ಳೇಗಾಲವೂ ಮದರಾಸು ಪ್ರಾಂತಕ್ಕೇ ಸೇರಿತ್ತು. ಅದೇ ಲಸಿಕೆಯನ್ನು ಮೂತ್ರಕೋಶದೊಳಕ್ಕೆ ಹಾಕಿ ಅರ್ಬುದವನ್ನು ಹಿಮ್ಮೆಟ್ಟಿಸಬಹುದೆಂದು ಕೆನಡಾದ ವೈದ್ಯ ಅಲ್ವಾರೊ ಮೊರಾಲೆಸ್ 1976ರಲ್ಲಿ ಪ್ರಕಟಿಸಿದನು. ಬಲಗುಂದಿಸಿದ ಆ ಜೀವಾಣುಗಳನ್ನು ಕಂಡು ದೇಹದ ರಕ್ಷಕಬಲ ಅಲ್ಲಿಗೆ ಧಾವಿಸುತ್ತದೆ. ಬಂದದ್ದು ಅರ್ಬುದದ ಕಣಗಳನ್ನೂ ಬಿಡದೆ ಕೊಲ್ಲುತ್ತದೆ. ವಾರಕ್ಕೊಮ್ಮೆಯಂತೆ ಆರು ವಾರ ಕೊಟ್ಟು, ಅಪಾಯ ಹೆಚ್ಚಿದ್ದವರಿಗೆ ನಡುನಡುವೆ ಬಿಟ್ಟು ಮೂರು ವರ್ಷಗಳವರೆಗೂ ಮುಂದುವರಿಸುತ್ತಾರೆ. ಉರಿ, ಜ್ವರ ಬರುವುದುಂಟು. ಎಲ್ಲರಿಗೂ ಇದು ಫಲಿಸುವುದೂ ಇಲ್ಲ. ರೋಗವು ಮಾಂಸಕ್ಕೆ ಇಳಿದಿದ್ದರೆ ಸಾಮಾನ್ಯವಾಗಿ ಮೊದಲು ತೀಕ್ಷ್ಣವಾದ ಔಷಧಿಗಳು, ಆಮೇಲೆ ಮೂತ್ರಕೋಶವನ್ನೇ ತೆಗೆಯುವುದು. ರಕ್ಷಕಬಲವನ್ನು ಕೆರಳಿಸುವ ಹೊಸ ಮದ್ದುಗಳು 2016ರಿಂದೀಚೆಗೆ ಬಂದಿವೆ. ಅವುಗಳ ಬೆಲೆಯನ್ನು ಕೇಳಿದರೆ ಮಾತ್ರ ಆರೋಗ್ಯವಂತನಿಗೂ ತಲೆ ಸುತ್ತೀತು.

ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯಂತಹ ಆಸ್ಪತ್ರೆಗಳು ನಮ್ಮ ನಾಡಿನಲ್ಲಿವೆ. ಕಷ್ಟವಿರುವುದು ಗುಣವಾದಂತೆ ಕಂಡ ಮೇಲೆ. ಅಪಾಯ ಹೆಚ್ಚಿದ್ದವರನ್ನು ಮೊದಲ ಎರಡು ವರ್ಷ ಮೂರು ತಿಂಗಳಿಗೊಮ್ಮೆ ನಳಿಕೆಯಿಂದ ಪರೀಕ್ಷಿಸಬೇಕು. ಅದಕ್ಕೆ ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿನ ಖರ್ಚು ಬೇರೆ. ‘ಚೆನ್ನಾಗಿಯೇ ಇದ್ದೇನಲ್ಲ’ ಎಂದು ರೋಗಿಯು ಹೋಗುವುದನ್ನು ಬಿಡುವುದು ಸಾಮಾನ್ಯವಾಗಿ ಈ ಎರಡು ವರ್ಷಗಳೊಳಗೇ. ರೋಗವು ಮರಳುವ ಸಂಭವ ಹೆಚ್ಚಾಗಿರುವುದೂ ಆಗಲೇ.