ಮನೆಯ ಗೋಡೆಯ ಮೇಲಿನ ಪವಿತ್ರ ಚಿತ್ರ

(ಶತಮಾನೋತ್ಸವದ ಪ್ರಯುಕ್ತ ಜರುಗಿದ ಕುಟುಂಬಗಳ ಸಭೆಯಲ್ಲಿ ವಿಚಾರಣಾ ಗುರುಗಳು ನೀಡಿದ ಉಪನ್ಯಾಸ)



ನಿಮ್ಮ ಮನೆಗಳನ್ನು ಆಶೀರ್ವದಿಸಲು ಬಂದಾಗಲೆಲ್ಲ ನನ್ನ ದೃಷ್ಟಿ ಮೊದಲು ಹರಿಯುವುದು ಗೋಡೆಯ ಚಿತ್ರಗಳತ್ತ. ಎಷ್ಟೋ ಮನೆಗಳಲ್ಲಿ ಯೇಸುವಿನ ಪವಿತ್ರ ಹೃದಯದ ಪಟವು ನೀಲಿಗೆ ತಿರುಗಿ, ಹೃದಯವೇ ಕಾಣದಂತಾಗಿದೆ. ಇದರಲ್ಲಿ ಕಾಲದ ದೋಷಕ್ಕಿಂತ ಕಿಟಕಿಯ ದೋಷವೇ ಹೆಚ್ಚು. ಅಚ್ಚಿನ ಚಿತ್ರದಲ್ಲಿ ಕೆಂಪು, ಹಳದಿ ಶಾಯಿಗಳು ಬಿಸಿಲಿಗೆ ಬೇಗನೆ ಮಾಸುತ್ತವೆ. ನೀಲಿ, ಕಪ್ಪು ಉಳಿಯುತ್ತವೆ. ಆದುದರಿಂದ ನೇರ ಬಿಸಿಲು ಬೀಳದ ಗೋಡೆಯನ್ನೇ ಆರಿಸಿರಿ. ಮಳೆಗಾಲದಲ್ಲಿ ತೇವ ಹೀರುವ ಹೊರಗೋಡೆಯೂ ಬೇಡ. ಚೌಕಟ್ಟಿನ ಹಿಂದೆ ಕೆಳಗಿನ ಎರಡು ಮೂಲೆಗಳಿಗೆ ಸಣ್ಣ ಮರದ ತುಂಡುಗಳನ್ನು ಅಂಟಿಸಿದರೆ ಹಿಂಬದಿಗೆ ಗಾಳಿಯಾಡುತ್ತದೆ. ದೀಪದ ಮಸಿ ತಾಗದಷ್ಟು ದೂರವಿರಲಿ. ಮತ್ತೊಂದು ಮಾತು: ಕೆಲವರು ಪಟವನ್ನು ಮಾಡಿನ ತೊಲೆಗೇ ಏರಿಸಿಬಿಡುತ್ತಾರೆ. ಜಪಸರಕ್ಕೆ ಮೊಣಕಾಲೂರಿದ ಮಗುವಿಗೆ ಅದು ಕಾಣುವುದಾದರೂ ಹೇಗೆ?

ಇನ್ನು ಆಯ್ಕೆಯ ವಿಷಯ. ನಾವೆಲ್ಲ ಬಲ್ಲ ಪವಿತ್ರ ಹೃದಯದ ರೂಪವು ಪೊಂಪೆಯೊ ಬತೋನಿ ಎಂಬ ಕಲಾವಿದರು 1767ರಲ್ಲಿ ತಾಮ್ರದ ತಗಡಿನ ಮೇಲೆ ರಚಿಸಿದ ಚಿತ್ರದಿಂದ ಪ್ರಚಾರಕ್ಕೆ ಬಂದದ್ದು. ಅದು ರೋಮಿನ ಜೇಸು ದೇವಾಲಯದಲ್ಲಿದೆ. ಅದು ಪೂಜ್ಯವೇ. ಆದರೆ ಅದೊಂದೇ ಅಲ್ಲ. ಗೋವಾದಲ್ಲಿ ಜನಿಸಿದ ಆಂಜೆಲೊ ದ ಫೊನ್ಸೆಕ (1902-1967) ಅವರು ಮಾತೆ ಮರಿಯಮ್ಮನವರನ್ನು ಸೀರೆಯುಟ್ಟ ನಮ್ಮ ನಾಡಿನ ತಾಯಿಯಂತೆ ಚಿತ್ರಿಸಿದರು. ಅಂದು ಅನೇಕರಿಗೆ ಅದು ಹಿಡಿಸಲಿಲ್ಲ. ಗುರುಮಠದ ವಿದ್ಯಾರ್ಥಿಯಾಗಿದ್ದಾಗ ನಾನೂ ನಕ್ಕವನೇ; ಇಂದು ಅದೇ ಚಿತ್ರದ ಪ್ರತಿ ನನ್ನ ಕೋಣೆಯಲ್ಲಿದೆ.

ನನ್ನ ತಪ್ಪೊಂದನ್ನು ಹೇಳಬೇಕು. ನಾನು ಹೊಸ ಗುರುವಾಗಿದ್ದಾಗ ಒಬ್ಬ ವೃದ್ಧ ವಿಧವೆಗೆ, “ಅಮ್ಮಾ, ಈ ಮಾಸಿದ ಪಟವನ್ನು ತೆಗೆದು ಹೊಸದನ್ನು ಹಾಕಿರಿ” ಎಂದೆ. ಆಶೀರ್ವದಿಸಿದ ವಸ್ತು ಹಾಳಾದರೆ ಸುಡುವುದು ಇಲ್ಲವೇ ಹೂಳುವುದು ವಾಡಿಕೆ. ಆಕೆ ಮರುಮಾತಿಲ್ಲದೆ ಸುಟ್ಟರು. ಮರುವರ್ಷ ಹೋದಾಗ ಹೊಸ ಪಟದ ಮುಂದೆ ಒಂದು ಹೂವೂ ಇರಲಿಲ್ಲ. ಕೇಳಿದ್ದಕ್ಕೆ, “ಸ್ವಾಮಿ, ಹಳೆಯದರ ಬೆನ್ನ ಮೇಲೆ ನಮ್ಮ ಯಜಮಾನರು ಮಕ್ಕಳ ಜ್ಞಾನಸ್ನಾನದ ದಿನಗಳನ್ನು ಬರೆದಿಟ್ಟಿದ್ದರು” ಎಂದರು. ತೀರಿಹೋದ ಒಂದು ಕೂಸಿನ ದಿನವೂ ಅದರಲ್ಲಿತ್ತಂತೆ. ಅದನ್ನೊಮ್ಮೆ ತಿರುಗಿಸಿ ನೋಡುವ ವ್ಯವಧಾನ ನನಗಿರಲಿಲ್ಲ. ಆಕೆಯೂ ಗುರುಗಳ ಮಾತಿಗೆ ಎದುರಾಡಲಿಲ್ಲ.

ನಿಮ್ಮ ಮನೆಯಲ್ಲಿ ಹಳೆಯ ಪಟಗಳನ್ನು ತೆಗೆಯುವುದಿದ್ದರೆ ಮೊದಲು ಗುರುಮನೆಗೆ ತನ್ನಿರಿ. ಚೌಕಟ್ಟನ್ನು ಬಿಚ್ಚಿ, ಹಿಂದೆ ಬರಹವೇನಾದರೂ ಇದ್ದರೆ ನಕಲು ಮಾಡಿಕೊಂಡ ಬಳಿಕವೇ ಮುಂದಿನದನ್ನು ಯೋಚಿಸೋಣ.